ಬಸಳೆ ಕಾಯ್ದ ಹುಲಿ

ಶತ್ರು ಯಾವ ದಿಕ್ಕಿನಿಂದ ಬರುತ್ತಾನೆಂದು ವಿಚಾರಿಸದೆ ಯುದ್ಧ ಸಾರಿದವರು ಇತಿಹಾಸದಲ್ಲಿ ಬಹಳ ಮಂದಿ ಇದ್ದಾರೆ. ಅವರ ಪಂಕ್ತಿಯ ತುದಿಯಲ್ಲಿ ನನಗೂ ಒಂದು ಮಣೆ ಹಾಕಬೇಕು. ನನ್ನ ಯುದ್ಧ ನಡೆದದ್ದು ಕತಾರಿನ ಅಲ್ ಖೋರ್‌ನಲ್ಲಿ, ಕಂಪೆನಿ ವಾಸಕ್ಕೆ ಕೊಟ್ಟ ಸಾಲುಮನೆಯ ಹಿತ್ತಿಲಲ್ಲಿ, ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ. ಒಂದು ಪಕ್ಷದಲ್ಲಿ ನಾನು, ನನ್ನ ಹೆಂಡತಿ ಮತ್ತು ಒಂದು ಬಸಳೆ ಬಳ್ಳಿ. ಎದುರು ಪಕ್ಷದಲ್ಲಿ ಚಳಿ, ಗಾಳಿ ಮತ್ತು ಕಂಪೆನಿಯ ವಸತಿ ಕಚೇರಿ. ಬಲಾಬಲ ತೂಗಿ ನೋಡಿದ ಯಾವ ವಿವೇಕಿಯೂ ನಮ್ಮ ಪಕ್ಷ ವಹಿಸುತ್ತಿರಲಿಲ್ಲ. ವಹಿಸಲೂ ಇಲ್ಲ.

ಮರುಭೂಮಿಯಲ್ಲಿ ಎಂಥ ಚಳಿ ಎಂದು ಊರಲ್ಲಿ ಈಗಲೂ ಕೇಳುತ್ತಾರೆ. ಹೋಗುವ ಮೊದಲು ನಾನೂ ಕೇಳಿದ್ದೆ. ಮರುಭೂಮಿ ಎಂದರೆ ವರ್ಷವಿಡೀ ಒಲೆಯ ಮೇಲಿಟ್ಟ ಕಾವಲಿ ಎಂದೇ ನಂಬಿಕೆ. ಡಿಸೆಂಬರ್ ಬಂದಾಗ ಗೊತ್ತಾಗುತ್ತದೆ, ಕಾವಲಿಯನ್ನು ಯಾರೋ ಒಲೆಯಿಂದ ಇಳಿಸಿ ಬಾವಿಗೆ ಹಾಕಿದ್ದಾರೆ ಎಂದು.

ನಮ್ಮ ಕರಾವಳಿಯಲ್ಲಿ ಬಸಳೆಯನ್ನು ಯಾರೂ ಬೆಳೆಸುವುದಿಲ್ಲ, ಅದು ಬೆಳೆಯುತ್ತದೆ. ಬಚ್ಚಲ ನೀರು ಹರಿದುಹೋಗುವ ಕಡೆ ಒಂದು ದಂಟು ಚುಚ್ಚುತ್ತಾರೆ, ಹಂಡೆಯ ಒಲೆಯ ಬೂದಿ ಎರಚುತ್ತಾರೆ, ನಾಲ್ಕು ಗೂಟ ನೆಟ್ಟು ಚಪ್ಪರ ಹಾಕುತ್ತಾರೆ. ಮುಂದಿನದ್ದು ಬಸಳೆಗೆ ಬಿಟ್ಟ ವಿಷಯ. ಚಳಿಗಾಲ ಎಂಬುದೊಂದು ಉಂಟು ಎಂದು ಅದಕ್ಕೂ ಯಾರೂ ಹೇಳಿರಲಿಲ್ಲ, ನಮಗೂ ಯಾರೂ ಹೇಳಿರಲಿಲ್ಲ.

ಮದುವೆಯಾಗಿ ಎರಡು ವರ್ಷ ಕಾದ ಮೇಲೆ ವೀಸಾ ಸಿಕ್ಕಿ ಹೆಂಡತಿ ಬಂದದ್ದು ಫೆಬ್ರವರಿ ಕೊನೆಗೆ. ಊರಲ್ಲಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದವಳು, ರಾಜೀನಾಮೆ ಕೊಟ್ಟು ಬಂದಿದ್ದಳು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳನ್ನೆಲ್ಲ ನನ್ನ ಕೈಗೆ ಕೊಟ್ಟಳು, ಕೈಚೀಲ ಮಾತ್ರ ಕೊಡಲಿಲ್ಲ. ಚಿನ್ನ ಇದ್ದೀತು ಎಂದುಕೊಂಡೆ. ಮನೆಗೆ ಬಂದು ತೆಗೆದದ್ದು ಒದ್ದೆ ಬೈರಾಸಿನಲ್ಲಿ ಸುತ್ತಿದ ಗೇಣುದ್ದದ ಎರಡು ಬಸಳೆ ದಂಟು.

"ಬಚ್ಚಲ ನೀರು ಎಲ್ಲಿ ಹೋಗ್ತದೆ?" ಅದು ಅವಳು ಆ ಮನೆಯಲ್ಲಿ ಆಡಿದ ಮೊದಲ ಮಾತು.

ಪೈಪಿನಲ್ಲಿ ಎಲ್ಲಿಗೋ ಹೋಗುತ್ತಿತ್ತು. ಅದನ್ನು ಅಡ್ಡಗಟ್ಟುವ ಅಧಿಕಾರ ನಮಗಿರಲಿಲ್ಲ. ಆದರೆ ಅಡುಗೆಮನೆಯ ಪಕ್ಕದ ಕಿಟಕಿಯಲ್ಲಿ ಕೂರಿಸಿದ ಏಸಿ ದಿನಕ್ಕೆ ಎರಡು ಬಕೆಟ್ ನೀರು ಕಣ್ಣೀರಿನಂತೆ ತೊಟ್ಟಿಕ್ಕುತ್ತಿತ್ತು. ಅವಳು ಅದರ ಕೆಳಗೇ ದಂಟು ಚುಚ್ಚಿದಳು. ಹಿತ್ತಿಲಿನ ಮಣ್ಣು ಎಂದರೆ ಬರೀ ಮರಳು. ಅದಕ್ಕೆ ಆಡಿನ ಗೊಬ್ಬರ ತಂದು ಕೊಟ್ಟವರು ಹಾಜಿಯವರು. ಅವರು ನಮ್ಮ ಕಡೆಯ ಬ್ಯಾರಿಗಳು. ದೋಹಾದ ಮುಶೈರಿಬ್‌ನಲ್ಲಿ ಕಂಬಳಿ, ಹೊದಿಕೆಗಳ ಅಂಗಡಿ ಇಟ್ಟು ಇಪ್ಪತ್ತೈದು ವರ್ಷವಾಗಿತ್ತು. ಪ್ರತಿ ಶುಕ್ರವಾರ ನಮಾಜು ಮುಗಿಸಿ, ಮೀನು ತಾಜಾ ಸಿಗುತ್ತದೆಂಬ ನೆವ ಹೂಡಿ ಅಲ್ ಖೋರ್‌ಗೆ ಬಂದು, ನಮ್ಮಲ್ಲಿ ಚಹಾ ಕುಡಿದು, ತುಳುವಿನಲ್ಲಿ ನನ್ನನ್ನು ಬೈದು ಹೋಗುತ್ತಿದ್ದರು. ಅವರ ಹೊಸ ಕಾರಿನ ಡಿಕ್ಕಿಯಲ್ಲಿ ಗೊಬ್ಬರದ ಮೂಟೆ ಬಂದ ದಿನ ಬೈಗುಳ ಸ್ವಲ್ಪ ಜಾಸ್ತಿಯೇ ಇತ್ತು.

ಬೇಸಿಗೆಯಿಡೀ ನಾವು ಏಸಿ ಹಾಕಿ ಬದುಕಿದೆವು, ಬಸಳೆ ಏಸಿಯ ನೀರು ಕುಡಿದು ಬದುಕಿತು. ಬಂದರಿನ ಮೀನುಗಾರರು ಎಸೆದ ಹಳೆಯ ಬಲೆಯನ್ನು ನಾಲ್ಕು ಕಬ್ಬಿಣದ ಪೈಪಿಗೆ ಕಟ್ಟಿ ಚಪ್ಪರ ಮಾಡಿದೆ. ಅಕ್ಟೋಬರಿಗೆ ಬಲೆ ಕಾಣದಷ್ಟು ಎಲೆ. ಶುಕ್ರವಾರ ಬಂದವರ ಕೈಗೆಲ್ಲ ಒಂದೊಂದು ಕಟ್ಟು. ಕಂಡರಿಯದವರು ದೋಹಾದಿಂದ ಬಂದು, "ಬಸಳೆ ಮನೆ ಇದೇಯಾ?" ಎಂದು ಕೇಳತೊಡಗಿದರು. ಅಲ್ಲಿಯತನಕ ಅವಳು ಕಂಪೆನಿಯ ಸ್ಟೋರ್ಸ್ ನೋಡಿಕೊಳ್ಳುವವನ ಹೆಂಡತಿ ಮಾತ್ರ ಆಗಿದ್ದಳು. ಈಗ ನಾನು ಬಸಳೆ ಮನೆಯವಳ ಗಂಡ. ಸ್ಥಾನಪಲ್ಲಟವನ್ನು ನಾನು ಗಾಂಭೀರ್ಯದಿಂದ ಒಪ್ಪಿಕೊಂಡೆ.

ನವೆಂಬರಿನ ಒಂದು ಶುಕ್ರವಾರ ಹಾಜಿಯವರು ಚಪ್ಪರದ ಕೆಳಗೆ ಕುರ್ಚಿ ಹಾಕಿ ಕೂತು ತೀರ್ಪು ಓದಿದರು.

"ಎಲ್ಲ ಚೆಂದ ಉಂಟು ಮಾರಾಯ್ರೆ. ಆದ್ರೆ ಇದು ಜನವರಿ ನೋಡುದಿಲ್ಲ. ನಾನು ಮೂರು ಸಲ ನೆಟ್ಟಿದ್ದೇನೆ, ಮೂರು ಸಲವೂ ಸತ್ತಿದೆ. ಈಗಲೇ ಎಲ್ಲ ಕೊಯ್ದು ತಿಂದುಬಿಡಿ. ಖಲಾಸ್."

"ನಿಮ್ಮ ಕೈಗುಣ ಇರಬಹುದು ಹಾಜಿಯವರೆ," ಎಂದೆ.

"ನನ್ನ ಕೈಗುಣಕ್ಕೆ ಎಂತ ಆಗಿದೆ? ಏಳು ಮಕ್ಕಳನ್ನು ಬೆಳೆಸಿದ್ದೇನೆ. ಬಸಳೆ ಬೇರೆ, ಮಕ್ಕಳು ಬೇರೆ. ಮಕ್ಕಳಿಗೆ ಸ್ವೆಟರ್ ಹಾಕ್ಲಿಕ್ಕೆ ಆಗ್ತದೆ."

ಅವರು ಹೋದ ಮೇಲೆ ಹೆಂಡತಿ ಚಹಾದ ಲೋಟ ಎತ್ತುತ್ತಾ, ನನ್ನ ಮುಖ ನೋಡದೆ ಹೇಳಿದಳು: "ನಿಮಗೆ ಕೆಲಸ ಉಂಟು, ಬಸ್ಸು ಉಂಟು, ಜಗಳ ಆಡ್ಲಿಕ್ಕೆ ಹಾಜಿಯವರು ಉಂಟು. ನನಗೆ ಇಲ್ಲಿ ಇದೊಂದೇ. ಇದು ಹೋದ್ರೆ ನಾನೂ ಹೋಗ್ತೇನೆ. ಜೂನಿನಲ್ಲಿ ಶಾಲೆ ಶುರು ಆಗ್ತದೆ, ನನ್ನನ್ನು ಮತ್ತೆ ತೆಗೊಳ್ತಾರೆ."

"ತಮಾಷೆ ಮಾಡ್ತೀಯಾ?"

"ನಾನು ಯಾವಾಗ ತಮಾಷೆ ಮಾಡಿದ್ದು?"

ನೆನಪು ಮಾಡಿಕೊಂಡೆ. ಮಾಡಿರಲಿಲ್ಲ.

ಅಂದಿನಿಂದ ನಾನು ಸೇನಾಧಿಪತಿ. ಮೊದಲ ಕ್ರಮವಾಗಿ ಕೋಟೆ ಕಟ್ಟಿದೆ. ಸ್ಟೋರ್ಸಿಗೆ ಬರುವ ಯಂತ್ರಗಳಿಗೆ ಸುತ್ತಿದ ದಪ್ಪ ಪ್ಲಾಸ್ಟಿಕ್ ಹಾಳೆ ಹೇಗೂ ಕಸಕ್ಕೆ ಹೋಗುವಂಥದು. ಗೇಟ್ ಪಾಸ್ ಮಾಡಿಸಿ, ಸಹಿ ಹಾಕಿಸಿ, ಮರ್ಯಾದೆಯಿಂದ ಮನೆಗೆ ತಂದೆ. ಚಪ್ಪರದ ಮೇಲೆ ಒಂದು ಮೊಳ ಎತ್ತರಕ್ಕೆ ಅದರ ಮಾಡು ಕಟ್ಟಿದೆ. ನೀರು ಸರಾಗ ಇಳಿಯಲಿ ಎಂದು ಎರಡೂ ಬದಿಗೆ ಇಳಿಜಾರು ಕೊಟ್ಟೆ. ಗಾಳಿಯಾಡಲಿ ಎಂದು ನಾಲ್ಕೂ ಕಡೆ ತೆರೆದುಬಿಟ್ಟೆ. ಕೆಳಗೆ ನಿಂತು ನೋಡಿದಾಗ ಎದೆ ಉಬ್ಬಿತು. ಜೂನ್ ತಿಂಗಳ ಜಡಿಮಳೆ ಬಂದರೂ ಒಂದು ಹನಿ ಒಳಗೆ ಬೀಳುವಂತಿರಲಿಲ್ಲ.

ವರ್ಷಕ್ಕೆ ನಾಲ್ಕೈದು ದಿನ ಮಳೆ ಹನಿಯುವ ದೇಶದಲ್ಲಿ ನಾನು ಮಳೆಗಾಲಕ್ಕೆ ಸಿದ್ಧನಾಗಿದ್ದೆ. ಈಗ ನಗು ಬರುತ್ತದೆ. ಆದರೆ ಕರಾವಳಿಯಲ್ಲಿ ಹುಟ್ಟಿದವನಿಗೆ ಆಕಾಶ ಒಂದೇ ಶತ್ರು. ಅವನು ಬರುವುದು ಮೇಲಿನಿಂದ, ಒದ್ದೆಯಾಗಿ. ಮಾಡು ಸರಿಯಿದ್ದರೆ ಬದುಕು ಸರಿ ಎಂಬುದು ನಮಗೆ ಹಾಲಿನ ಜೊತೆ ಕುಡಿಸಿದ ಪಾಠ. ನೋಡಿದ ನಮ್ಮೂರಿನವರೆಲ್ಲ, "ಭದ್ರ ಆಗಿದೆ," ಎಂದು ತಲೆದೂಗಿದರು. ಹಾಜಿಯವರೂ ತಲೆದೂಗಿದರು, ಅವರೂ ನೇತ್ರಾವತಿ ದಡದವರೇ.

ಡಿಸೆಂಬರ್ ಮಧ್ಯದಲ್ಲಿ ಶಮಾಲ್ ಬಂತು. ಉತ್ತರದಿಂದ ಬೀಸುವ ಗಾಳಿಗೆ ಅಲ್ಲಿ ಹಾಗೆ ಹೆಸರು. ಅದು ಮೇಲಿನಿಂದ ಬರಲಿಲ್ಲ. ಸಭ್ಯ ಅತಿಥಿಯಂತೆ ಬದಿಯಿಂದ ಬಂದು, ತೆರೆದ ಕಡೆಯಿಂದ ಒಳಹೊಕ್ಕು, ಇಡೀ ಮಾಡನ್ನು ಹಾಯಿಯಂತೆ ಉಬ್ಬಿಸಿ ಎತ್ತಿಕೊಂಡು ಹೋಯಿತು. ನಾನು ಕೆಲಸದಲ್ಲಿದ್ದೆ. ಸಂಜೆ ಬಂದಾಗ ಹೆಂಡತಿ ವರದಿ ಒಪ್ಪಿಸಿದಳು.

"ಹಾರಿತು."

"ಎಲ್ಲಿಗೆ?"

"ಕ್ಯಾಂಪ್ ಬಾಸ್‌ನ ಡಿಶ್ಶಿಗೆ."

ಕ್ಯಾಂಪ್ ಬಾಸ್ ಎಂದರೆ ವಸತಿ ಕಚೇರಿಯ ಮೇಲ್ವಿಚಾರಕರು, ಕೇರಳದ ಹಿರಿಯರು, ನಿಯಮ ಎಂದರೆ ಪ್ರಾಣ. ಆ ಹೊತ್ತಿಗೆ ಕಚೇರಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರಂತೆ. ಗೆಲ್ಲಲು ಕೆಲವೇ ರನ್ ಬೇಕಾಗಿದ್ದಾಗ ಆಟಗಾರರು ಮಾಯವಾಗಿ ಟೀವಿಯಲ್ಲಿ ಮರಳು ಸುರಿಯಿತಂತೆ. ಮರುದಿನ ನಮ್ಮ ಬಾಗಿಲಿಗೆ ನೋಟೀಸು ಅಂಟಿತ್ತು. ಹಿತ್ತಿಲಲ್ಲಿ ಗುಡಾರ, ಮಾಡು, ಹೊದಿಕೆ, ಇನ್ನಾವುದೇ ರಚನೆ ನಿಷಿದ್ಧ. ಪ್ರತಿ ಶನಿವಾರ ಬೆಳಗ್ಗೆ ತಪಾಸಣೆ. ಇನ್ನೊಮ್ಮೆ ಕಂಡರೆ ತೋಟ ಸಮೇತ ತೆರವು.

ಗಾಳಿ ಮೂರು ದಿನ ಬೀಸಿತು. ಮೂರನೆಯ ಬೆಳಗ್ಗೆ ಚಪ್ಪರದ ಉತ್ತರದ ಅರ್ಧ, ಕುದಿನೀರು ಎರಚಿದ ಹಾಗೆ ಕಪ್ಪಾಗಿ ಜೋತುಬಿದ್ದಿತ್ತು. ಹೆಂಡತಿ ಕತ್ತರಿ ತಂದು ಸತ್ತದ್ದನ್ನೆಲ್ಲ ಕತ್ತರಿಸಿ ರಾಶಿ ಹಾಕಿದಳು. ಅಂದು ಸಂಜೆ ಮೇಜಿನ ಮೇಲೆ ಊರಿನ ಶಾಲೆಯ ಹೆಡ್ಮೇಷ್ಟ್ರಿಗೆ ಬರೆದ ಕಾಗದ ಇತ್ತು. ಲಕೋಟೆ ಅಂಟಿಸಿರಲಿಲ್ಲ. ನನಗೆ ಓದಲಿಕ್ಕೆಂದೇ ಇಟ್ಟದ್ದು. ನಾನು ಓದಲಿಲ್ಲ. ಸೋತ ಸೇನಾಧಿಪತಿಗೂ ಒಂದು ಅಭಿಮಾನ ಇರುತ್ತದೆ.

ನಮ್ಮನ್ನು ಬೆಳಗ್ಗೆ ಕಾರ್ಖಾನೆಗೆ ಒಯ್ಯುವ ಬಸ್ಸಿನ ಚಾಲಕ ಪಂಜಾಬಿನ ಸರ್ದಾರ್ಜಿ, ಗೋಧಿ ಬೆಳೆದ ಮನೆತನದವರು. ಚಾಲಕನ ಹಿಂದಿನ ಸೀಟಿನಲ್ಲಿ ಕೂತು ನನ್ನ ದುಃಖ ತೋಡಿಕೊಂಡೆ. ಅವರು ಹಿಂದಿಯಲ್ಲಿ, ದಾರಿಯ ಮೇಲಿನ ಕಣ್ಣು ಕದಲಿಸದೆ ಕೇಳಿದರು: "ಬಾಬೂಜಿ, ಕಳ್ಳ ಬಾಗಿಲಿನಿಂದ ಬರುವಾಗ ನೀವು ತಲೆಗೆ ಛತ್ರಿ ಯಾಕೆ ಹಿಡಿದಿರಿ?"

"ನಮ್ಮ ಕಡೆ ಅಭ್ಯಾಸ."

"ಗಾಳಿಗೆ ಅಡ್ಡ ಗೋಡೆ ಮಾಡಿ. ಚಳಿ ಜೋರಾಗುವ ಹಿಂದಿನ ಮಧ್ಯಾಹ್ನ ಬುಡಕ್ಕೆ ಚೆನ್ನಾಗಿ ನೀರು ಕೊಡಿ. ಒದ್ದೆ ಮಣ್ಣು ಬಿಸಿಲಿನ ಶಾಖ ಹಿಡಿದಿಡುತ್ತದೆ."

"ಚಳಿಯಲ್ಲಿ ನೀರು ಹಾಕಿದರೆ ಅದಕ್ಕೆ ಶೀತ ಆಗುವುದಿಲ್ಲವೇ?"

ಸರ್ದಾರ್ಜಿ ಮುಂದಿನ ವೃತ್ತ ಬರುವವರೆಗೆ ನಕ್ಕರು. ವೃತ್ತದಲ್ಲಿ ಸುತ್ತು ಹೊಡೆಯುವಾಗ ನಗು ನಿಲ್ಲಿಸಿ, ದನಿ ತಗ್ಗಿಸಿ ಹೇಳಿದರು: "ಇನ್ನೊಂದು ಮಾತು. ಗಾಳಿಗೆ ಹೆದರಬೇಡಿ, ಗಾಳಿ ನಿಂತ ದಿನಕ್ಕೆ ಹೆದರಿ. ಆಕಾಶ ಶುಭ್ರವಾಗಿ, ಒಂದೆಲೆಯೂ ಅಲ್ಲಾಡದಿದ್ದರೆ, ಮರುದಿನ ಬೆಳಗ್ಗೆ ಪಾಲಾ ಬೀಳುತ್ತದೆ. ಬಿಳೀ ಹಿಮ. ಅದು ಮಾತ್ರ ಮೇಲಿನಿಂದಲೇ. ಅಂದು ಗಿಡವನ್ನು ಹೊದಿಸಿಯೇ ತೀರಬೇಕು."

ಗೋಡೆ ಬೇಕು, ರಚನೆ ಕೂಡದು. ಹೊದಿಸಬೇಕು, ಹೊದಿಕೆ ಕೂಡದು. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ನೋಟೀಸು ತೆಗೆದು, ಪರೀಕ್ಷೆಯ ಪ್ರಶ್ನೆಪತ್ರಿಕೆ ಓದುವಂತೆ ಮೇಲಿನಿಂದ ಕೆಳತನಕ ಓದಿದಳು. ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇಲ್ಲಿ ನೋಡಿ. ಬಟ್ಟೆ ಒಣಗಿಸುವ ಹಗ್ಗಕ್ಕೆ ಅಡ್ಡಿಯಿಲ್ಲ ಅಂತ ಉಂಟು."

"ಅದಕ್ಕೆ?"

"ಬಟ್ಟೆ ಎಷ್ಟು ದಪ್ಪ ಇರಬೇಕು ಅಂತ ಬರೆದಿಲ್ಲ."

ಇಬ್ಬರ ಕಣ್ಣೂ ಒಟ್ಟಿಗೇ ಕಪಾಟಿನ ಮೇಲೆ ಹೋಯಿತು. ಅಲ್ಲಿ ಹುಲಿ ಇತ್ತು.

ಹುಲಿ ಎಂದರೆ ಕಂಬಳಿ. ಗಲ್ಫಿನಿಂದ ಊರಿಗೆ ಹೋಗುವವರೆಲ್ಲ ಹೊತ್ತೊಯ್ಯುವ, ಕುರಿಮರಿಯಷ್ಟು ಮೆತ್ತನೆಯ, ಕರುವಿನಷ್ಟು ಭಾರದ ಕಂಬಳಿ. ಅದರ ಮೇಲೆ ನಿಜವಾದ ಹುಲಿಗಿಂತ ದೊಡ್ಡ ಹುಲಿಯ ಚಿತ್ರ. ಮಾವನವರಿಗೆಂದು ಹಾಜಿಯವರ ಅಂಗಡಿಯಲ್ಲೇ ತಂದಿದ್ದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಇದನ್ನು ಹೊದ್ದರೆ ಮನುಷ್ಯ ಬೆಳಗ್ಗೆಗೆ ಬೆಂದಿರುತ್ತಾನೆ. ಹೊದೆಯುವ ಪ್ರಶ್ನೆಯೇ ಇಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಿಂದ ತೆಗೆಯದೆ ಕಪಾಟಿನ ಮೇಲೆ ಇಟ್ಟು, ನೆಂಟರು ಬಂದಾಗ ಹುಲಿಯ ಮುಖ ಅವರ ಕಡೆಗೆ ತಿರುಗಿಸುವುದು, ಅಷ್ಟೇ ಅದರ ಉಪಯೋಗ. ನನ್ನ ಮಟ್ಟಿಗೆ ಹೇಳುವುದಾದರೆ, ಗಲ್ಫ್ ಕಂಬಳಿಯ ಜಿಪ್ ಎಳೆದವನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹೆಂಡತಿ ಎಳೆದಳು. ತನ್ನ ಅಪ್ಪನ ಕಂಬಳಿ, ತನ್ನ ಕೈಯಾರೆ. ಅದರ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

ಉತ್ತರದ ಕಡೆ ಹಗ್ಗ ಕಟ್ಟಿ ಹುಲಿಯನ್ನು ಇಳಿಬಿಟ್ಟೆವು. ಗಾಳಿ ಬಂದು ಹುಲಿಗೆ ಗುದ್ದಿತು. ಹುಲಿ ಅಲ್ಲಾಡಿತು, ಹಾರಲಿಲ್ಲ. ಅದರ ಹಿಂದೆ ಬಸಳೆ ತೆಪ್ಪಗೆ ನಿಂತಿತು. ಆ ಶುಕ್ರವಾರ ಹಾಜಿಯವರು ಬಂದವರು ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟರು.

"ಎಂತ ಮಾಡಿದ್ರಿ ಮಾರಾಯ್ರೆ? ಅದು ಊರಿಗೆ ಕೊಂಡುಹೋಗ್ಲಿಕ್ಕೆ ಇರುದು. ಹೊದೆಯಲಿಕ್ಕೆ ಅಲ್ಲ."

"ಹೊದೆಯುವುದಿಲ್ಲ ಹಾಜಿಯವರೆ. ಒಣಗಿಸ್ತಾ ಇದ್ದೇವೆ."

"ಇಪ್ಪತ್ತೈದು ವರ್ಷದಿಂದ ಮಾರ್ತಾ ಇದ್ದೇನೆ, ಒಬ್ಬನೂ ಕವರ್ ಬಿಚ್ಚಿದ್ದು ನೋಡಿಲ್ಲ. ನನಗೇ ಒಳಗಿಂದು ಹೇಗೆ ಉಂಟು ಅಂತ ಗೊತ್ತಿಲ್ಲ." ಹತ್ತಿರ ಬಂದು ಹುಲಿಯ ಮೂಗು ಮುಟ್ಟಿದರು. ಆಮೇಲೆ ಅದರ ಬೆನ್ನ ಹಿಂದೆ ಕೈಹಾಕಿ, ಅಲ್ಲಿನ ಗಾಳಿಯನ್ನೂ ಈಚಿನ ಗಾಳಿಯನ್ನೂ ಅಂಗೈಯಲ್ಲಿ ಹೋಲಿಸಿ ನೋಡಿದರು. "ನಿಮಗೆ ಪಶ್ಚಿಮದ ಕಡೆಗೂ ಒಂದು ಬೇಕು," ಎಂದರು.

ಮುಂದಿನ ವಾರ ಅವರ ಡಿಕ್ಕಿಯಲ್ಲಿ ಅಂಗಡಿಯ ತೇವ ತಗಲಿ ಮಾರಲಾಗದ ಎರಡು ಕಂಬಳಿ ಬಂದವು. ಒಂದರಲ್ಲಿ ನವಿಲು, ಒಂದರಲ್ಲಿ ಗುಲಾಬಿ. ಬಸಳೆ ಜನವರಿ ನೋಡುವುದಿಲ್ಲ ಎಂಬ ತೀರ್ಪನ್ನು ಮಾತ್ರ ಅವರು ಹಿಂತೆಗೆದುಕೊಳ್ಳಲಿಲ್ಲ. "ನಾನು ಕಂಬಳಿ ಕೊಟ್ಟದ್ದು ನಿಮ್ಮ ಹೆಂಡತಿಯ ಮುಖ ನೋಡಿ. ಬಸಳೆಯ ಮುಖ ನೋಡಿ ಅಲ್ಲ."

ಶನಿವಾರ ಬಂತು, ಕ್ಯಾಂಪ್ ಬಾಸ್ ಬಂದರು. ಹಿತ್ತಿಲಲ್ಲಿ ಹುಲಿ, ನವಿಲು, ಗುಲಾಬಿ.

"ಯೇ ಕ್ಯಾ ಹೈ?"

"ಒಗೆದ ಬಟ್ಟೆ," ಎಂದಳು ಹೆಂಡತಿ.

ಮುಟ್ಟಿ ನೋಡಿದರು. ಒದ್ದೆಯಾಗಿತ್ತು. ಅಲ್ಲಿನ ಚಳಿಗಾಲದ ಇಬ್ಬನಿಯ ಮಹಿಮೆ; ಬೆಳಗ್ಗೆ ಹೊರಗಿಟ್ಟ ಕುರ್ಚಿಯೂ ಸ್ನಾನ ಮಾಡಿ ಕೂತಿರುತ್ತದೆ. ಎರಡನೆಯ ಶನಿವಾರವೂ ಒದ್ದೆ. ಮೂರನೆಯ ಶನಿವಾರ ಅವರು ಹೇಳಿದರು: "ಅಮ್ಮಾ, ಮೂರು ವಾರದಿಂದ ಇದೇ ಹುಲಿ ಒಣಗುತ್ತಿದೆ."

"ದಪ್ಪ ಉಂಟಲ್ಲ ಸಾರ್. ಒಣಗುವಾಗ ತಡ ಆಗ್ತದೆ."

ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದರು. ನಿಯಮ ಮುರಿದವರನ್ನು ಹಿಡಿಯುವುದು ಅವರಿಗೆ ಗೊತ್ತಿತ್ತು. ನಿಯಮವನ್ನು ಇಷ್ಟು ಭಕ್ತಿಯಿಂದ ಪಾಲಿಸುವವರನ್ನು ಏನು ಮಾಡಬೇಕೆಂದು ಅವರ ಪುಸ್ತಕದಲ್ಲಿ ಇದ್ದಂತಿರಲಿಲ್ಲ.

ಜನವರಿ ನಡುವಿನ ಒಂದು ಶುಕ್ರವಾರ ಮಧ್ಯಾಹ್ನ ಗಾಳಿ ನಿಂತಿತು. ಐದು ದಿನ ಬೀಸಿ ಹೈರಾಣಾಗಿಸಿದ್ದು, ಯಾರೋ ಸ್ವಿಚ್ಚು ಆರಿಸಿದಂತೆ ನಿಂತಿತು. ಆಕಾಶ ತೊಳೆದ ಪಿಂಗಾಣಿ. ಹುಲಿಯ ಮೀಸೆಯೂ ಅಲ್ಲಾಡಲಿಲ್ಲ. ನಾನು ಅಂಗಳಕ್ಕೆ ಇಳಿದು ನಾಲ್ಕು ದಿಕ್ಕು ನೋಡಿ ಬಂದೆ. ಮರುದಿನ ಶನಿವಾರ.

"ಇವತ್ತೇ," ಎಂದೆ.

"ಹೊದಿಸಿದ್ರೆ ನಾಳೆ ಅವರು ಕಿತ್ತು ಹಾಕಿಸ್ತಾರೆ," ಎಂದಳು. "ಹೊದಿಸದಿದ್ರೆ ಚಳಿ ಕಿತ್ತು ಹಾಕ್ತದೆ."

"ಯಾರ ಕೈಯಲ್ಲಿ ಸಾಯಬೇಕು ಅಂತ ನೀನು ಹೇಳು."

ಅವಳ ಬಾಯಲ್ಲಿ ಅಷ್ಟು ಹಟದ ಮಾತು ನಾನು ಮೊದಲು ಕೇಳಿರಲಿಲ್ಲ: "ಸಾಯುದು ಎಂತಕ್ಕೆ? ನೀರು ಬಿಡಿ."

ಏಸಿ ಆರಿಸಿ ತಿಂಗಳುಗಳಾಗಿದ್ದವು, ಅದರ ನೀರಿಲ್ಲ. ನಲ್ಲಿಯಿಂದ ಬಕೆಟ್ ಬಕೆಟ್ ಹೊತ್ತು ಬುಡಕ್ಕೆ ಹೊಯ್ದೆ. ಶೀತದ ಬಗ್ಗೆ ನನ್ನ ಅಮ್ಮ ಕಲಿಸಿದ್ದಕ್ಕೆಲ್ಲ ವಿರುದ್ಧವಾಗಿ, ಹಲ್ಲು ಕಚ್ಚಿಕೊಂಡು ಹೊಯ್ದೆ. ಬಿಸಿಲು ಇಳಿಯುವ ಮೊದಲು ಮೂರೂ ಕಂಬಳಿಗಳನ್ನು ಹಗ್ಗದಿಂದ ಬಿಚ್ಚಿ ಚಪ್ಪರದ ಮೇಲೆ ಹಾಸಿ, ಅಂಚುಗಳನ್ನು ನೆಲದ ತನಕ ಇಳಿಸಿ, ಇಟ್ಟಿಗೆ ಹೇರಿದೆವು. ಮೇಲ್ಗಡೆ ಹುಲಿ ಬಿತ್ತು, ಆಕಾಶಕ್ಕೆ ಮುಖಮಾಡಿ.

ಬೆಳಕು ಹರಿಯುವಾಗ ಬಸ್ಸು ಹತ್ತಲು ಬೀದಿಗೆ ಹೋದೆ. ಸರ್ದಾರ್ಜಿ ಬಸ್ಸಿನ ಮುಂದೆ ನಿಂತಿದ್ದರು. ಗಾಜಿನ ಮೇಲೆ ಉಪ್ಪು ಎರಚಿದಂತೆ ತೆಳ್ಳಗೆ, ಬಿಳಿಯಾಗಿ ಏನೋ ಹರಡಿತ್ತು. ಉಗುರಿನಿಂದ ಕೆರೆದು ನನಗೆ ತೋರಿಸಿದರು. ಮುಖದಲ್ಲಿ ಊರಿನಿಂದ ಕಾಗದ ಬಂದವನ ಕಳೆ.

"ಪಾಲಾ. ನೋಡಿ ಬಾಬೂಜಿ, ನಮ್ಮನ್ನು ಹುಡುಕಿಕೊಂಡು ಇಲ್ಲಿಗೂ ಬಂತು."

ಹೊಟ್ಟೆನೋವು ಎಂದು ಸೂಪರ್ವೈಸರಿಗೆ ಹೇಳಿಬಿಡಿ ಎಂದು ಅವರಿಗೇ ಒಪ್ಪಿಸಿ ಮನೆಗೆ ಓಡಿದೆ. ನಾನು ಹಿತ್ತಿಲು ತಲುಪುವಾಗ ಕ್ಯಾಂಪ್ ಬಾಸ್ ಅಲ್ಲಿ ನಿಂತಾಗಿತ್ತು. ಎಂದೂ ಇಲ್ಲದೆ ಅಂದು ಅಷ್ಟು ಬೇಗ ಬಂದಿದ್ದರು, ಹಿಡಿದೇ ಹಿಡಿಯುತ್ತೇನೆ ಎಂಬ ನಿಶ್ಚಯದಿಂದ.

"ಇದು ಹೊದಿಕೆ," ಎಂದರು. "ಇದು ಹಗ್ಗದ ಮೇಲೆ ಇಲ್ಲ. ಮಾಫಿ ಹಗ್ಗ." ಇಲ್ಲ ಎಂಬುದಕ್ಕೆ ಅಲ್ಲಿ ಎಲ್ಲರೂ ಹೇಳುವ ಅರಬ್ಬಿ ಮಾತು ಮಾಫಿ.

"ನಮ್ಮೂರಲ್ಲಿ ಬಟ್ಟೆ ಬೇಲಿಯ ಮೇಲೆ, ಗಿಡದ ಮೇಲೆ ಹರಡಿ ಒಣಗಿಸುವುದು ಸಾರ್," ಎಂದಳು ಹೆಂಡತಿ, ತರಗತಿಯ ಕೊನೆಯ ಬೆಂಚಿಗೆ ಕೇಳುವಂತೆ, ನಿಧಾನವಾಗಿ. "ನಿಮ್ಮೂರಲ್ಲಿ ಹೇಗೆ?"

ಅವರ ನೆನಪಿನಲ್ಲಿ ಯಾವ ಬೇಲಿ, ಯಾರು ಹರಡಿದ ಬಟ್ಟೆ ಬಂತೋ, ಪುಸ್ತಕವನ್ನು ಕಂಕುಳಿಗೆ ಸೇರಿಸಿದರು. ಹುಲಿಯ ಬೆನ್ನ ಮೇಲೆ ಕೈ ಇಟ್ಟು ನೋಡಿದರು. ಕೈಗೆ ಬಿಳಿ ಮೆತ್ತಿತು, ನೋಡುತ್ತಿದ್ದ ಹಾಗೇ ನೀರಾಯಿತು.

"ಒಣಗಿಲ್ಲ," ಎಂದರು.

"ಇಲ್ಲ ಸಾರ್."

ಪುಸ್ತಕ ತೆರೆದರು, ಬರೆದರು, ಮುಚ್ಚಿದರು. ಗೇಟಿನ ಹತ್ತಿರ ತಿರುಗಿ, "ಡಿಶ್ಶಿನ ಮೇಲೆ ಮಾತ್ರ ಒಣಗಿಸಬೇಡಿ," ಎಂದು ಹೇಳಿ ಹೋದರು.

ಬಿಸಿಲು ಏರುವವರೆಗೆ ಕಂಬಳಿ ಎತ್ತುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಎಂಟು ಗಂಟೆಗೆ ನಾನು ಒಂದು ಅಂಚು ಹಿಡಿದೆ, ಅವಳು ಇನ್ನೊಂದು. ಒಳಗಿನಿಂದ ಹಸಿ ಮಣ್ಣಿನ ಬೆಚ್ಚನೆ ವಾಸನೆ ಬಂತು. ಅಂಚಿನ ಏಳೆಂಟು ಎಲೆ ಕಪ್ಪಾಗಿತ್ತು. ಉಳಿದದ್ದು ಹಸಿರು, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ, ದಪ್ಪ ದಂಟಿನ, ನಾಚಿಕೆಯಿಲ್ಲದ ಹಸಿರು.

ಹುಲಿಯ ಹೊಟ್ಟೆಗೆ ಬಸಳೆ ಹಣ್ಣಿನ ನೇರಳೆ ಕಲೆ ಹತ್ತಿ, ಮತ್ತೆಂದೂ ಹೋಗಲಿಲ್ಲ. ಮುಂದೆ ಮಾವನವರಿಗೆ ಹಾಜಿಯವರ ಅಂಗಡಿಯ ಹೊಸ ಸಿಂಹ ಹೋಯಿತು. ಅದು ಇಂದಿಗೂ ಅವರ ಕಪಾಟಿನ ಮೇಲೆ, ಕವರಿನ ಒಳಗೆ, ಯಾರಿಗೂ ಉಪಕಾರ ಮಾಡದೆ ಕೂತಿದೆ.

ಅಂದು ಮಧ್ಯಾಹ್ನ ಅವಳು ಎಳೆ ದಂಟು ಕೊಯ್ದು ಒಣಸಿಗಡಿ ಹಾಕಿ ಗಸಿ ಮಾಡಿದಳು. ನಾನು ಎರಡು ಸಲ ಬಡಿಸಿಕೊಂಡೆ. ಮೇಜಿನ ಮೇಲಿದ್ದ ಹೆಡ್ಮೇಷ್ಟ್ರ ಕಾಗದ ಕಾಣಲಿಲ್ಲ. ಅಂಚೆಗೆ ಹೋಯಿತೋ, ಒಲೆಗೆ ಹೋಯಿತೋ ಎಂದು ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ತುತ್ತು ಹಾಕಿಕೊಂಡೆ.

ಅವಳು ಕಿಟಕಿಯಿಂದ ಚಪ್ಪರವನ್ನೇ ನೋಡುತ್ತಿದ್ದಳು.

"ಬರುವ ವರ್ಷಕ್ಕೆ ಇದು ಸಣ್ಣ ಆಗ್ತದೆ," ಎಂದಳು. "ಇನ್ನೆರಡು ಕಂಬ ಬೇಕು."

ಮರುದಿನ ಬಸ್ಸಿನಲ್ಲಿ ಸರ್ದಾರ್ಜಿ, "ಹೊಟ್ಟೆನೋವು ಹೇಗಿದೆ?" ಎಂದು ವಿಚಾರಿಸಿದರು. ವಾಸಿಯಾಗಿದೆ ಎಂದೆ. ಆಮೇಲೆ ಅವರ ಹಿಂದಿನ ಸೀಟಿನಲ್ಲಿ ಕೂತು, ಹತ್ತು ಅಡಿಯ ಕಬ್ಬಿಣದ ಪೈಪನ್ನು ಕಂಪೆನಿ ಬಸ್ಸಿನಲ್ಲಿ ತರಬಾರದೆಂಬ ನಿಯಮ ಏನಾದರೂ ಇದೆಯೇ ಎಂದು ಕೇಳಿದೆ.